ಫ್ರೆಡರಿಕ್ ಲ್ಯಾಂಚೆಸ್ಟರನೂ ಆತನ ತಟ್ಟೆಯ ಬ್ರೇಕೂ

ಚರಿತ್ರೆಯನ್ನು ಐಚ್ಛಿಕ ವಿಷಯವಾಗಿ ತೆಗೆದುಕೊಂಡ ನಾನು ಮೋಟಾರು ಗಾಡಿಯ ಬ್ರೇಕಿನ ಮಾತನ್ನೆತ್ತಿಕೊಂಡಿರುವುದನ್ನು ಕಂಡು ಮಿತ್ರರು ನಗಬಹುದು. ನಗಲಿ. ಎರಡು ವರ್ಷಗಳ ಕೆಳಗೆ ಚಾರ್ಮಾಡಿ ಘಾಟಿಯಲ್ಲಿ ನನ್ನ ಸೋದರಮಾವನ ಪಕ್ಕದಲ್ಲಿ ಕುಳಿತಿದ್ದಾಗ ನನಗಂತೂ ನಗು ಬರಲಿಲ್ಲ.

ಮಾವನ ಕಾರು ಅರವತ್ತರ ದಶಕದ್ದು. ಆತನಿಗೆ ಅದರ ಮೇಲೆ ಮಕ್ಕಳಿಗಿಂತ ಹೆಚ್ಚು ಪ್ರೀತಿ. ಅಂದ ಹೆಚ್ಚಲೆಂದು ಸ್ಪ್ರಿಂಗುಗಳನ್ನು ಕತ್ತರಿಸಿ ಗಾಡಿಯನ್ನು ನೆಲದ ಹತ್ತಿರಕ್ಕೆ ತಗ್ಗಿಸಿದ್ದನು. ಕೊಟ್ಟಿಗೆಹಾರ ದಾಟಿ ಇಳಿಯತೊಡಗಿದೆವು. ನಾಲ್ಕಾರು ತಿರುವು ಕಳೆಯುವಷ್ಟರಲ್ಲಿ ಸುಟ್ಟ ವಾಸನೆ ಬಂದಿತು. ಮಾವನು ಪೆಡಲನ್ನು ಬಲವಾಗಿ ತುಳಿಯುತ್ತಲೇ ಇದ್ದನು. ಗಾಡಿ ಮಾತ್ರ ಓಡುತ್ತಲೇ ಇತ್ತು. ಕೊನೆಗೆ ಗೇರನ್ನು ಕೆಳಕ್ಕಿಳಿಸಿ, ಬೆಟ್ಟದ ಕಡೆಯ ಚರಂಡಿಗೆ ಚಕ್ರ ಹೊಗಿಸಿ ನಿಲ್ಲಿಸಿದನು. ಇನ್ನೊಂದು ಪಕ್ಕದಲ್ಲಿದ್ದ ಕಂದರವನ್ನು ನಾವು ನಾಲ್ವರೂ ಇಳಿದು ನೋಡಿದೆವು. ಯಾರೂ ಮಾತನಾಡಲಿಲ್ಲ.

ಡ್ರಮ್ ಬ್ರೇಕಿನ ಸ್ವಭಾವವೇ ಹಾಗೆ. ಮುಚ್ಚಿದ ಡಬರಿಯೊಳಗೆ ಶೂಗಳು ಹೊರಕ್ಕೆ ಒತ್ತಿ ತಿಕ್ಕುತ್ತವೆ. ಹುಟ್ಟಿದ ಶಾಖಕ್ಕೆ ಹೊರಬೀಳಲು ದಾರಿ ಕಡಿಮೆ. ಕಾದ ಡ್ರಮ್ಮು ಹಿಗ್ಗಿ ಶೂಗಳಿಂದ ದೂರ ಸರಿಯುತ್ತದೆ; ಲೈನಿಂಗೂ ಹಿಡಿತ ಕಳೆದುಕೊಳ್ಳುತ್ತದೆ. ಗಾಳಿಗೆ ತೆರೆದ ತಟ್ಟೆಯೊಂದನ್ನು ಎರಡು ಕಡೆಯಿಂದ ಇಕ್ಕುಳದಂತೆ ಹಿಡಿದರೆ ಈ ಕಷ್ಟ ಬಹುಮಟ್ಟಿಗೆ ತಪ್ಪುತ್ತದೆ. ತಟ್ಟೆ ಕಾದು ದಪ್ಪವಾದರೆ ಇಕ್ಕುಳದ ಕಡೆಗೇ ಬರುತ್ತದೆಯಲ್ಲದೆ ದೂರ ಹೋಗುವುದಿಲ್ಲ. ಅದೇ ಡಿಸ್ಕ್ ಬ್ರೇಕು. ಗಾಡಿ ನಿಲ್ಲುವಾಗ ಭಾರವೆಲ್ಲ ಮುಂದಕ್ಕೆ ಬಾಗುವುದರಿಂದ ಮುಂಚಕ್ರಗಳಿಗೆ ಅದನ್ನು ಕೂಡಿಸಿದರೂ ಬಹಳ ಪ್ರಯೋಜನ.

ಕಾರನ್ನು ಮಾರಲೊಲ್ಲದ ಮಾವನು ಹಾಗೆಯೇ ಮಾಡಿಸಿದನು. ರಜೆಯಲ್ಲಿ ನಾನು ಆ ವರ್ಕ್‌ಷಾಪಿನಲ್ಲಿಯೇ ಹೆಚ್ಚು ಹೊತ್ತು ಕಳೆದೆ. ಕೆಲಸ ನಾವೆಣಿಸಿದಷ್ಟು ಸುಲಭವಾಗಿರಲಿಲ್ಲ. ಹಳೆಯ ಚಕ್ರದೊಳಗೆ ಕ್ಯಾಲಿಪರ್ ಹಿಡಿಯಲಿಲ್ಲ, ಚಕ್ರ ಬದಲಾಯಿತು. ಗಾಡಿ ತಗ್ಗಿದ್ದುದರಿಂದ ಹೊಸ ರಬ್ಬರು ನಳಿಗೆ, ಸ್ಟೀರಿಂಗನ್ನು ಪೂರ್ತಿ ತಿರುಗಿಸಿದಾಗ ಟೈರಿಗೆ ಉಜ್ಜುತ್ತಿತ್ತು. ಅದರ ಹಾದಿಯನ್ನು ಎರಡು ಸಲ ಬದಲಿಸಿದರು. ಕ್ಯಾಲಿಪರಿನ ದಪ್ಪ ಪಿಸ್ಟನ್ನುಗಳಿಗೆ ಹಳೆಯ ಮಾಸ್ಟರ್ ಸಿಲಿಂಡರು ಎಣ್ಣೆ ಒದಗಿಸಲಾರದಾಯಿತು. ಡ್ರಮ್ಮಿನ ಶೂ ತಾನಾಗಿಯೇ ತುಸು ಒಳಸೆಳೆದುಕೊಂಡು ಬಿಗಿಯುತ್ತದೆ. ತಟ್ಟೆಗೆ ಆ ಗುಣವಿಲ್ಲ, ಕಾಲಿನ ಬಲವೇ ಬೇಕು. ಆದುದರಿಂದ ಎಂಜಿನ್ನಿನ ನಿರ್ವಾತದಿಂದ ಸಹಾಯ ಪಡೆಯುವ ಬೂಸ್ಟರ್ ಒಂದನ್ನೂ ಕೂಡಿಸಬೇಕಾಯಿತು. ಇಷ್ಟೆಲ್ಲ ತಾಪತ್ರಯ ನೋಡುತ್ತ ನಿಂತ ನನಗೆ, ಈ ತಟ್ಟೆಯನ್ನು ಮೊದಲು ಯೋಚಿಸಿದವನು ಯಾರೆಂಬ ಕುತೂಹಲ ಹುಟ್ಟಿತು. ಮೇಸ್ತ್ರಿಗೆ ಗೊತ್ತಿರಲಿಲ್ಲ. ಪುಸ್ತಕಗಳಲ್ಲಿ ಹುಡುಕಿದಾಗ ಸಿಕ್ಕಿದ ಹೆಸರು ಫ್ರೆಡರಿಕ್ ವಿಲಿಯಂ ಲ್ಯಾಂಚೆಸ್ಟರ್.

ಆತನು 1868ನೆಯ ಅಕ್ಟೋಬರ್ 23ರಂದು ಲಂಡನಿನ ಲ್ಯೂಯಿಷಾಮಿನಲ್ಲಿ ಹುಟ್ಟಿದನು. ತಂದೆ ವಾಸ್ತುಶಿಲ್ಪಿ. ಎಂಟು ಮಂದಿ ಮಕ್ಕಳಲ್ಲಿ ಈತನು ನಾಲ್ಕನೆಯವನು. ಸೌತಾಂಪ್ಟನ್ನಿನ ಹಾರ್ಟ್ಲಿ ವಿದ್ಯಾಸಂಸ್ಥೆಯಲ್ಲಿಯೂ ಆಮೇಲೆ ಲಂಡನಿನ ಸೌತ್ ಕೆನ್ಸಿಂಗ್‌ಟನ್ನಿನ ವಿಜ್ಞಾನ ಶಾಲೆಯಲ್ಲಿಯೂ ಓದಿದನು. ಪದವಿ ಪಡೆಯದೆಯೇ ಹೊರಬಿದ್ದನು. ಪರೀಕ್ಷೆ ಹತ್ತಿರವಾಗಿರುವ ಈ ದಿನಗಳಲ್ಲಿ ಇದನ್ನು ಬರೆಯಬಾರದಿತ್ತೇನೋ. ಆದರೆ ಸಂಗತಿ ಸಂಗತಿಯೇ.

1889ರ ಸುಮಾರಿಗೆ ಬರ್ಮಿಂಗ್‌ಹ್ಯಾಮಿನ ಗ್ಯಾಸ್ ಎಂಜಿನ್ ಕಾರ್ಖಾನೆಯೊಂದರಲ್ಲಿ ಕೆಲಸಕ್ಕೆ ಸೇರಿದನು. ಕೆಲಸಗಾರನು ಹೊಸದಾಗಿ ಏನನ್ನು ಕಂಡುಹಿಡಿದರೂ ಅದು ಕಂಪೆನಿಯ ಸ್ವತ್ತೆಂಬ ಷರತ್ತು ಕರಾರು ಪತ್ರದಲ್ಲಿತ್ತು. ಇಪ್ಪತ್ತರ ಹರೆಯದ ಹುಡುಗ ಆ ಸಾಲನ್ನು ಹೊಡೆದುಹಾಕಿ ಆಮೇಲೆ ಸಹಿ ಮಾಡಿದನು! ಈ ಒಂದು ಸಂಗತಿಯಿಂದಲೇ ಆತನು ನನಗೆ ಮೆಚ್ಚುಗೆಯಾದನು.

1894ರಲ್ಲಿ ದೋಣಿಯೊಂದಕ್ಕೆ ತನ್ನದೇ ಎಂಜಿನ್ ಕೂಡಿಸಿ ಆಕ್ಸ್‌ಫರ್ಡಿನಲ್ಲಿ ನೀರಿಗಿಳಿಸಿದನು. ಮರುವರ್ಷ ಕಾರಿಗೆ ಕೈಹಾಕಿದನು. 1896ರಲ್ಲಿ ಅದು ರಸ್ತೆಗೆ ಬಂದಿತು. ಒಂದೇ ಸಿಲಿಂಡರು, ಐದು ಅಶ್ವಶಕ್ತಿ. ಆಗ ಇಂಗ್ಲೆಂಡಿನ ಕಾನೂನು ಹಳ್ಳಿಗಾಡಿನಲ್ಲಿ ಗಂಟೆಗೆ 4 ಮೈಲಿ, ಊರೊಳಗೆ 2 ಮೈಲಿ ಎಂದು ವೇಗಕ್ಕೆ ಮಿತಿ ಹಾಕಿತ್ತು. ಗಾಡಿಯ ಮುಂದೆ ಒಬ್ಬನು ನಡೆದು ಹೋಗಬೇಕಾಗಿತ್ತು. ಆ ಕಟ್ಟು ಸಡಿಲಿದುದು ಅದೇ ವರ್ಷದ ನವೆಂಬರಿನಲ್ಲಿ.

ಬೇರೆಯವರು ಕುದುರೆಗಾಡಿಗೆ ಎಂಜಿನ್ ಕಟ್ಟಿ ಕಾರೆಂದು ಕರೆಯುತ್ತಿದ್ದ ಕಾಲದಲ್ಲಿ ಲ್ಯಾಂಚೆಸ್ಟರನು ಪ್ರತಿಯೊಂದು ಭಾಗವನ್ನೂ ಮೂಲದಿಂದ ಲೆಕ್ಕ ಹಾಕಿ ಮಾಡಿದನು. ಒಂದು ಗಾಡಿಯ ಬಿಡಿಭಾಗ ಇನ್ನೊಂದಕ್ಕೆ ಹಾಗೆಯೇ ಕೂರಬೇಕೆಂದು ಅಳತೆಗೋಲುಗಳನ್ನು ಮಾಡಿಸಿದನು. ಗಾಡಿಯ ತೊನೆದಾಟವು ಮನುಷ್ಯನು ನಡೆಯುವಾಗಿನ ಲಯಕ್ಕೆ ಹೊಂದಿದರೆ ಮೈಗೆ ಆಯಾಸವಾಗದೆಂದು ಸ್ಪ್ರಿಂಗುಗಳನ್ನು ಆ ಲೆಕ್ಕಕ್ಕೆ ತಕ್ಕಂತೆ ಮೃದುಗೊಳಿಸಿದನು. ಇದನ್ನೋದಿದಾಗ ಮಾವನು ಗರಗಸ ಹಿಡಿದು ಸ್ಪ್ರಿಂಗು ಕತ್ತರಿಸಿದ ದೃಶ್ಯ ಕಣ್ಣೆದುರಿಗೆ ಬಂದಿತು. ಲ್ಯಾಂಚೆಸ್ಟರನು ಅಲ್ಲಿದ್ದರೆ ಆ ಗರಗಸವನ್ನು ಕಿತ್ತುಕೊಳ್ಳುತ್ತಿದ್ದನೇನೋ.

1899ರ ಡಿಸೆಂಬರಿನಲ್ಲಿ ಆತನ ಕಂಪೆನಿ ಸ್ಥಾಪನೆಯಾಯಿತು. ತಮ್ಮಂದಿರೂ ಜೊತೆಗೂಡಿದರು. ಈ ಕಾರುಗಳನ್ನು ಕೊಂಡವರಲ್ಲಿ ಕಿಪ್ಲಿಂಗನೂ ಒಬ್ಬನು. ನಮ್ಮ ದೇಶದಲ್ಲಿ ಕ್ರಿಕೆಟ್ಟಿನಿಂದ ಪ್ರಖ್ಯಾತನಾದ ನವಾನಗರದ ರಣಜಿತ್‌ಸಿಂಹನೂ ಲ್ಯಾಂಚೆಸ್ಟರ್ ಕಾರುಗಳನ್ನಿಟ್ಟುಕೊಂಡಿದ್ದನು.

ಇನ್ನು ಬ್ರೇಕಿನ ಮಾತು. 1902ರಲ್ಲಿ ಆತನು ಅದಕ್ಕೆ ಪೇಟೆಂಟ್ ಪಡೆದನು. ಚಕ್ರದೊಡನೆ ತಿರುಗುವ ತೆಳುವಾದ ಲೋಹದ ತಟ್ಟೆ. ಅದರ ಅಂಚನ್ನು ಎರಡು ಕಡೆಯಿಂದ ಹಿಡಿಯುವ ದವಡೆಗಳು. ಇಂದು ನಮ್ಮ ಬೈಸಿಕಲ್ಲಿನಿಂದ ರೈಲಿನವರೆಗೆ ಇರುವುದು ಇದೇ ತತ್ತ್ವ. ಆದರೆ ಅಂದು ಅದು ನಡೆಯಲಿಲ್ಲ. ಶಾಖ ತಡೆಯುವ ಒಳ್ಳೆಯ ಲೈನಿಂಗು ದೊರೆಯದ ಕಾರಣ ದವಡೆಗಳಿಗೆ ತಾಮ್ರವನ್ನು ಹಚ್ಚಬೇಕಾಯಿತು. ಲೋಹಕ್ಕೆ ಲೋಹ ಉಜ್ಜಿ ಕಿವಿ ಹರಿಯುವಂತೆ ಕಿರುಚುತ್ತಿತ್ತು. ಅಂದಿನ ಮಣ್ಣುರಸ್ತೆಗಳ ಧೂಳಿಗೆ ತಾಮ್ರ ಬೇಗ ಸವೆದುಹೋಗುತ್ತಿತ್ತು. ಎಣ್ಣೆಯ ಒತ್ತಡದಿಂದ ಕಾಲಿನ ಬಲವನ್ನು ಹೆಚ್ಚಿಸುವ ಏರ್ಪಾಡು ಕಾರುಗಳಿಗೆ ಇನ್ನೂ ಬಂದಿರಲಿಲ್ಲ. ಅದೇ 1902ರಲ್ಲಿ ಫ್ರಾನ್ಸಿನ ಲೂಯಿ ರೆನೋ ಡ್ರಮ್ ಬ್ರೇಕಿಗೆ ರೂಪ ಕೊಟ್ಟನು. ಅದು ಸದ್ದು ಮಾಡದು, ಧೂಳು ಹೊಗದು, ಸ್ವಲ್ಪ ಬಲಕ್ಕೇ ಹಿಡಿಯುವುದು. ಲೋಕವು ಅದನ್ನೇ ಆರಿಸಿಕೊಂಡಿತು. ಲೋಕದ ತಪ್ಪೆಂದು ನಾನು ಹೇಳಲಾರೆ. ಅಂದಿನ ವೇಗಕ್ಕೆ ಡ್ರಮ್ಮೇ ಸಾಕಾಗಿತ್ತು. ಲ್ಯಾಂಚೆಸ್ಟರನ ಯೋಚನೆಯಲ್ಲಿ ದೋಷವಿರಲಿಲ್ಲ. ಅದಕ್ಕೆ ಬೇಕಾದ ಸಾಮಗ್ರಿ ಇರಲಿಲ್ಲ.

ಕಂಪೆನಿಗೆ ಬಂಡವಾಳ ಸಾಲದೆ, ಗಿರಾಕಿಗಳಿದ್ದಾಗಲೇ 1904ರಲ್ಲಿ ಅದು ರಿಸೀವರನ ಕೈಗೆ ಹೋಯಿತು. ಮತ್ತೆ ಹೊಸ ಹೆಸರಿನಿಂದ ಎದ್ದಿತು. ಆದರೆ ನಿರ್ದೇಶಕರಿಗೂ ಆತನಿಗೂ ಸರಿಹೊಂದಲಿಲ್ಲ. 1909ರಿಂದ ಡೈಮ್ಲರ್ ಕಂಪೆನಿಗೆ ಸಲಹೆಗಾರನಾಗಿ ಹಲವು ವರ್ಷ ದುಡಿದನು. ಎಂಜಿನ್ನಿನ ನಡುಕವನ್ನು ಅಡಗಿಸಲು ಆತನು ಕಲ್ಪಿಸಿದ ಸಮತೋಲನದ ದಂಡಗಳು ಬಹುಕಾಲದ ಮೇಲೆ ಇತರರ ಕಾರುಗಳಲ್ಲಿ ಸೇರಿದವು.

ಹಾರಾಟದ ವಿಷಯದಲ್ಲಿಯೂ ಆತನಿಗೆ ಇದೇ ಅನುಭವ. ರೆಕ್ಕೆಯು ಗಾಳಿಯಲ್ಲಿ ಹೇಗೆ ಎತ್ತಲ್ಪಡುತ್ತದೆಂಬುದನ್ನು ವಿವರಿಸಿ ಬರೆದ ಲೇಖನವನ್ನು 1897ರಲ್ಲಿ ಲಂಡನಿನ ವಿದ್ವತ್ಸಭೆಯೊಂದು ಹಿಂದಕ್ಕೆ ಕಳುಹಿಸಿತು. ರೈಟ್ ಸಹೋದರರು ಹಾರಿದುದು 1903ರಲ್ಲಿ. ಲ್ಯಾಂಚೆಸ್ಟರನು 1907 ಮತ್ತು 1908ರಲ್ಲಿ ಎರಡು ದೊಡ್ಡ ಗ್ರಂಥಗಳನ್ನು ಪ್ರಕಟಿಸಿದನು. ಜರ್ಮನಿಯ ಪ್ರಾಂಟ್ಲನು ಅದೇ ದಾರಿಯಲ್ಲಿ ನಡೆದು ಗಣಿತದ ಪೂರ್ಣರೂಪ ಕೊಟ್ಟ ಮೇಲೆಯೇ ಸ್ವದೇಶದವರಿಗೆ ಈತನ ಬೆಲೆ ತಿಳಿದುದು. ಯುದ್ಧದಲ್ಲಿ ಸೈನ್ಯಗಳ ಬಲವನ್ನು ಸಂಖ್ಯೆಯ ವರ್ಗದಿಂದ ಅಳೆಯುವ ಆತನ ಸೂತ್ರವನ್ನು ಇಂದಿಗೂ ಸೈನಿಕ ಶಾಸ್ತ್ರಜ್ಞರು ಓದುತ್ತಾರೆ. 1922ರಲ್ಲಿ ರಾಯಲ್ ಸೊಸೈಟಿಯ ಸದಸ್ಯನಾದನು. 1931ರಲ್ಲಿ ಅಮೆರಿಕದ ಗುಗೆನ್‌ಹೈಮ್ ಪದಕ ಬಂದಿತು. ಅದೇ ವರ್ಷ ಆತನ ಹೆಸರಿನ ಕಾರು ಕಂಪೆನಿ ಪರರ ಪಾಲಾಯಿತು.

ಪದಕಗಳಿಂದ ಹೊಟ್ಟೆ ತುಂಬಲಿಲ್ಲ. ತನ್ನ ಸ್ವಂತ ಪ್ರಯೋಗಶಾಲೆ ಆರ್ಥಿಕ ಮುಗ್ಗಟ್ಟಿನಲ್ಲಿ ಮುಚ್ಚಿತು. ಕೈ ನಡುಗುವ ಪಾರ್ಕಿನ್ಸನ್ ರೋಗ ಹಿಡಿಯಿತು; ಕಣ್ಣು ಮಂಜಾಯಿತು. ನಕ್ಷೆಗಳನ್ನು ಬರೆದು ಬದುಕಿದವನಿಗೆ ಇವೆರಡೂ ಒಟ್ಟಿಗೆ ಬಂದುದು ಎಂಥ ಕ್ರೌರ್ಯ! ಮೋಟಾರು ಉದ್ಯಮದವರ ಸಹಾಯನಿಧಿಯಿಂದ ಮನೆ ಉಳಿಯಿತು. ಮಕ್ಕಳಿರಲಿಲ್ಲ. 1946ನೆಯ ಮಾರ್ಚ್ 8ರಂದು ಬರ್ಮಿಂಗ್‌ಹ್ಯಾಮಿನ ಆ ಮನೆಯಲ್ಲಿಯೇ ತೀರಿಕೊಂಡನು.

ಏಳು ವರ್ಷ ಕಳೆದು 1953ರಲ್ಲಿ ಫ್ರಾನ್ಸಿನ ಲ ಮಾನ್ ಪಂದ್ಯದಲ್ಲಿ ಡನ್‌ಲಪ್ ಕಂಪೆನಿಯ ಡಿಸ್ಕ್ ಬ್ರೇಕುಗಳನ್ನು ತೊಟ್ಟ ಜಾಗ್ವಾರ್ ಕಾರು ಗೆದ್ದಿತು. ಇಪ್ಪತ್ತನಾಲ್ಕು ಗಂಟೆಗಳ ಆ ಓಟದಲ್ಲಿ ಸರಾಸರಿ ವೇಗವು ಗಂಟೆಗೆ 100 ಮೈಲಿಯನ್ನು ಮೀರಿದುದು ಅದೇ ಮೊದಲು. ಡ್ರಮ್ಮಿನ ಗಾಡಿಗಳು ತಿರುವಿಗೆ ಬಹಳ ಮುಂಚೆಯೇ ವೇಗ ತಗ್ಗಿಸಬೇಕಾಗಿದ್ದಲ್ಲಿ ಈ ಕಾರು ಹತ್ತಿರದವರೆಗೂ ಓಡಿ ಹಿಡಿದು ನಿಲ್ಲುತ್ತಿತ್ತು. 1955ರಲ್ಲಿ ಸಿಟ್ರೊಯೆನ್ ಡಿ.ಎಸ್. ಕಾರಿನ ಮುಂಭಾಗಕ್ಕೆ ಡಿಸ್ಕ್ ಬಂದಿತು. ಆಮೇಲೆ ಒಂದೊಂದಾಗಿ ಎಲ್ಲರೂ ಅನುಸರಿಸಿದರು. ಪೇಟೆಂಟ್ ಪಡೆದು ಆಗಲೇ ಐವತ್ತು ವರ್ಷ ಮೀರಿತ್ತು. ಆ ಹಕ್ಕಿನಿಂದ ಆತನಿಗೆ ಒಂದು ಕಾಸೂ ಬರುವ ಹಾಗಿರಲಿಲ್ಲ.

ಹೊಸ ಬ್ರೇಕಿನ ಮೇಲೆ ಮಾವನೂ ನಾನೂ ಕಳೆದ ಚಳಿಗಾಲದಲ್ಲಿ ಮತ್ತೆ ಚಾರ್ಮಾಡಿ ಇಳಿದೆವು. ಅದೇ ತಿರುವುಗಳು, ಅದೇ ಚರಂಡಿ. ಅಣ್ಣಪ್ಪ ಸ್ವಾಮಿಯ ಗುಡಿಯ ಬಳಿ ನಿಲ್ಲಿಸಿ ಮುಂಚಕ್ರದ ಹತ್ತಿರ ಕೈ ಹಿಡಿದೆ. ಶಾಖ ಚೆನ್ನಾಗಿಯೇ ಹೊಡೆಯುತ್ತಿತ್ತು, ಆದರೆ ಪೆಡಲು ಮೊದಲ ತಿರುವಿನಲ್ಲಿದ್ದಂತೆಯೇ ಇತ್ತು. ಹಿಂದಿನ ಸಲ ಜೊತೆಯಲ್ಲಿದ್ದ ಅತ್ತೆ ಮಾತ್ರ ಈ ಸಲ ಬಸ್ಸಿನಲ್ಲಿ ಬಂದರು.