ಅರುಣಾಚಲದ ಮಹರ್ಷಿ

ಮಧುಗಿರಿಯ ಏಕಶಿಲಾ ಬೆಟ್ಟವನ್ನೋ ಪಾವಗಡದ ಕೋಟೆಬೆಟ್ಟವನ್ನೋ ಕೊರಟಗೆರೆ ಸೀಮೆಯ ಸಿದ್ಧರಬೆಟ್ಟವನ್ನೋ ನೋಡುತ್ತ ಬೆಳೆದವರಿಗೆ, ಬೆಟ್ಟವೊಂದು ಮನುಷ್ಯನ ಮನಸ್ಸನ್ನು ಹೇಗೆ ಸೆಳೆಯಬಲ್ಲುದೆಂಬುದನ್ನು ವಿವರಿಸಬೇಕಾಗಿಲ್ಲ. ತಮಿಳುನಾಡಿನ ಅರುಣಾಚಲವು ಹಾಗೆ ಸೆಳೆದುಕೊಂಡ ಬಾಲಕನೇ ಮುಂದೆ ರಮಣ ಮಹರ್ಷಿ ಎಂದು ಲೋಕಪ್ರಸಿದ್ಧನಾದನು.

ರಮಣರ ಮೊದಲ ಹೆಸರು ವೆಂಕಟರಾಮನ್. ಅವರು 1879ರ ಡಿಸೆಂಬರ್ 30ರಂದು ತಿರುಚ್ಚುಳಿಯಲ್ಲಿ ಜನಿಸಿದರು. ತಂದೆ ಸುಂದರಂ ಅಯ್ಯರ್ ವಕೀಲರು, ತಾಯಿ ಅಳಗಮ್ಮಾಳ್. 1892ರಲ್ಲಿ ತಂದೆ ತೀರಿಕೊಂಡ ಬಳಿಕ ಬಾಲಕನು ಮಧುರೆಯಲ್ಲಿ ಚಿಕ್ಕಪ್ಪನ ಆಶ್ರಯದಲ್ಲಿ ಓದತೊಡಗಿದನು. 1896ರಲ್ಲಿ, ಹದಿನಾರನೆಯ ವಯಸ್ಸಿನಲ್ಲಿ, ಯಾವ ಕಾಯಿಲೆಯೂ ಇಲ್ಲದಿರುವಾಗ ಅವನನ್ನು ಮರಣಭಯವು ಹಠಾತ್ತನೆ ಆವರಿಸಿತು. ಅವನು ಓಡಲಿಲ್ಲ, ಕೂಗಲಿಲ್ಲ. ಶವದಂತೆ ಮಲಗಿ, ಸಾಯುವುದು ಯಾವುದೆಂದು ತನ್ನೊಳಗೇ ವಿಚಾರಿಸಿದನು. ಸಾಯುವುದು ದೇಹವೇ ಹೊರತು ತಾನಲ್ಲವೆಂಬ ನಿಶ್ಚಯ ಅವನಿಗೆ ಉಂಟಾಯಿತು. ಅದೇ ವರ್ಷ ಸೆಪ್ಟೆಂಬರ್ 1ರಂದು ಅವನು ತಿರುವಣ್ಣಾಮಲೆಯನ್ನು ಸೇರಿದನು. ಮತ್ತೆಂದೂ ಆ ಸ್ಥಳವನ್ನು ಬಿಡಲಿಲ್ಲ.

ರಮಣರು ಬಹುಕಾಲ ಬೆಟ್ಟದ ವಿರೂಪಾಕ್ಷ ಗುಹೆಯಲ್ಲಿಯೂ ಅನಂತರ ಸ್ಕಂದಾಶ್ರಮದಲ್ಲಿಯೂ ವಾಸಿಸಿದರು. 1922ರಲ್ಲಿ ತಾಯಿ ತೀರಿಕೊಂಡ ಮೇಲೆ, ಬೆಟ್ಟದ ತಪ್ಪಲಿನಲ್ಲಿದ್ದ ಆಕೆಯ ಸಮಾಧಿಯ ಬಳಿ ಆಶ್ರಮವು ಬೆಳೆಯಿತು. ಎಲ್ಲರೊಂದಿಗೆ ಪಂಕ್ತಿಯಲ್ಲಿ ಕುಳಿತು, ಎಲ್ಲರಿಗೂ ಬಡಿಸಿದ್ದನ್ನೇ ಅವರು ಉಣ್ಣುತ್ತಿದ್ದರು.

1948ರ ಕೊನೆಯಲ್ಲಿ ಅವರ ಎಡ ಮೊಣಕೈಯ ಬಳಿ ಸಣ್ಣ ಗಂಟೊಂದು ಕಾಣಿಸಿತು. 1949ರ ಫೆಬ್ರವರಿಯಲ್ಲಿ ವೈದ್ಯರು ಅದನ್ನು ತೆಗೆದರು. ಆದರೆ ಕೆಲವೇ ವಾರಗಳಲ್ಲಿ ಅದು ಮರಳಿ ಬೆಳೆಯಿತು. ಮಾರ್ಚ್ ತಿಂಗಳಲ್ಲಿ ಮತ್ತೊಮ್ಮೆ ಶಸ್ತ್ರಚಿಕಿತ್ಸೆ ನಡೆಯಿತು. ಪರೀಕ್ಷೆಯಲ್ಲಿ ಅದು ಸಾರ್ಕೋಮಾ, ಅಂದರೆ ಸ್ನಾಯು, ಕೊಬ್ಬು, ನರ ಮೊದಲಾದ ಮೃದು ಅಂಗಾಂಶಗಳಲ್ಲಿ ಹುಟ್ಟುವ ಅಪರೂಪದ ಕ್ಯಾನ್ಸರ್ ಎಂದು ತಿಳಿದುಬಂದಿತು. ರೇಡಿಯಂ ಚಿಕಿತ್ಸೆ ನಡೆಯಿತು. ಸೊಪ್ಪು ಬೇರುಗಳ ನಾಟಿ ಔಷಧಿಯೂ ನಡೆಯಿತು. ತೋಳನ್ನು ಕತ್ತರಿಸುವುದೊಂದೇ ದಾರಿಯೆಂದು ವೈದ್ಯರು ಸೂಚಿಸಿದಾಗ ರಮಣರು ಒಪ್ಪಲಿಲ್ಲ. ಆಗಸ್ಟ್ ಮತ್ತು ಡಿಸೆಂಬರ್ ತಿಂಗಳುಗಳಲ್ಲಿ ಇನ್ನೆರಡು ಶಸ್ತ್ರಚಿಕಿತ್ಸೆಗಳು ನಡೆದವು. ರೋಗವು ಬಗ್ಗಲಿಲ್ಲ.

ಆ ನೋವಿನ ನಡುವೆಯೂ ಅವರು ದರ್ಶನವನ್ನು ನಿಲ್ಲಿಸಗೊಡಲಿಲ್ಲ. ದೂರದಿಂದ ಬಂದವರು ಬರಿಗೈಯಲ್ಲಿ ಮರಳಬಾರದೆಂಬುದೇ ಅವರ ಚಿಂತೆಯಾಗಿತ್ತು. 1950ರ ಏಪ್ರಿಲ್ 14ರ ರಾತ್ರಿ, ಭಕ್ತರು ಅವರೇ ರಚಿಸಿದ ಅರುಣಾಚಲ ಸ್ತುತಿಯನ್ನು ಹಾಡುತ್ತಿರಲು, ಅವರ ಉಸಿರು ಶಾಂತವಾಗಿ ನಿಂತಿತು. ಗಂಟು ಕಾಣಿಸಿಕೊಂಡು ಒಂದೂವರೆ ವರ್ಷವೂ ತುಂಬಿರಲಿಲ್ಲ.

ಇಲ್ಲಿ ನಾವು ತಪ್ಪು ಪಾಠವನ್ನು ಕಲಿಯಬಾರದು. ರಮಣರು ಚಿಕಿತ್ಸೆಯನ್ನು ತಿರಸ್ಕರಿಸಿದವರಲ್ಲ. ನಾಲ್ಕು ಬಾರಿ ಶಸ್ತ್ರಕ್ಕೆ ಕೈಯೊಡ್ಡಿದವರು. ಅಂದಿನ ವೈದ್ಯವಿಜ್ಞಾನಕ್ಕೆ ಮಿತಿಯಿತ್ತು. 1982ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನವೊಂದು, ಅಂಗವನ್ನು ಕತ್ತರಿಸದೆ ಗಡ್ಡೆಯನ್ನು ಸುತ್ತಲಿನ ಅಂಗಾಂಶದೊಡನೆ ತೆಗೆದು ವಿಕಿರಣ ಕೊಟ್ಟರೂ, ಅಂಗವನ್ನು ಕತ್ತರಿಸಿದವರಷ್ಟೇ ರೋಗಿಗಳು ಉಳಿಯುತ್ತಾರೆಂದು ತೋರಿಸಿತು. ಆದರೆ ಗಡ್ಡೆ ಚಿಕ್ಕದಾಗಿರುವಾಗ, ಬೇರೆಡೆ ಹರಡುವ ಮುನ್ನ ಬಂದವರಿಗೇ ಹೆಚ್ಚಿನ ಭರವಸೆ. ನೋವಿಲ್ಲದಿದ್ದರೂ ಬೆಳೆಯುತ್ತಿರುವ ಗಂಟನ್ನು ಅಲಕ್ಷಿಸಬಾರದು. ಸಿದ್ಧರಬೆಟ್ಟದ ಗಿಡಮೂಲಿಕೆಗಳಲ್ಲಿ ನಂಬಿಕೆಯಿರುವವರೂ ಇದಕ್ಕೆ ಮಾತ್ರ ತಜ್ಞವೈದ್ಯರನ್ನೇ ಕಾಣಬೇಕು. ಶಿರಾ, ಮಧುಗಿರಿ, ಕೊರಟಗೆರೆ, ಪಾವಗಡಗಳ ಜನರಿಗೆ ಬೆಂಗಳೂರಿನಲ್ಲಿ 1973ರಲ್ಲಿ ಆರಂಭವಾದ ಕಿದ್ವಾಯಿ ಕ್ಯಾನ್ಸರ್ ಸಂಸ್ಥೆಯಿದೆ.

ದೇಹವನ್ನು ಕಾಪಾಡಿಕೊಳ್ಳುವುದು ನಮ್ಮ ಕರ್ತವ್ಯ. ಕಾಪಾಡಲಾಗದ ಗಳಿಗೆಯಲ್ಲಿಯೂ ಧೈರ್ಯಗೆಡದೆ, ಪರರ ಹಿತವನ್ನು ಮರೆಯದೆ ಇರುವುದನ್ನು ಮಹರ್ಷಿಗಳ ಬಾಳು ನಮಗೆ ಕಲಿಸುತ್ತದೆ.