ಬೂದಿಕೋಟೆಯ ಹೈದರಾಲಿ

ವೇಮಗಲ್ ಕಡೆಯಿಂದ ಕೋಲಾರಕ್ಕೆ ಕಚೇರಿ ಕೆಲಸಕ್ಕಾಗಿಯೋ ವ್ಯಾಪಾರಕ್ಕಾಗಿಯೋ ಹೋಗಿಬರುವ ಮಹನೀಯರಲ್ಲಿ ಅನೇಕರು ಆ ಪಟ್ಟಣದ ಮಕ್ಬರಾವನ್ನು ಕಂಡಿರುವರು. ಅಲ್ಲಿ ಮಲಗಿರುವವರು ಯಾರೆಂದು ವಿಚಾರಿಸಿದವರು ವಿರಳ. ಅದು ಸಿರಾದ ಸುಬೇದಾರನ ಕೈಕೆಳಗೆ ಕೋಲಾರದ ಫೌಜುದಾರನಾಗಿದ್ದ ಫತೇ ಮಹಮ್ಮದನ ಸಮಾಧಿ. ಅವನಿಗೆ ಜಹಗೀರಾಗಿ ದೊರೆತಿದ್ದ ಬೂದಿಕೋಟೆಯಲ್ಲಿ, 1720ರ ಆಸುಪಾಸಿನಲ್ಲಿ ಹುಟ್ಟಿದವನೇ ಹೈದರಾಲಿ. ಆಂಗ್ಲರ ಕುಂಪಣಿಯನ್ನು ಅದರ ಪಟ್ಟಣದ ಬಾಗಿಲಿನಲ್ಲಿಯೇ ಸಂಧಿಗೆ ಒಡಂಬಡಿಸಿದವನು ಈ ಸೀಮೆಯವನೆಂಬುದನ್ನು ಈ ಸೀಮೆಯವರೇ ಮರೆಯುವುದು ತರವಲ್ಲ.

ಹೈದರನು ಬಾಲಕನಾಗಿರುವಾಗಲೇ ತಂದೆಯು ಯುದ್ಧದಲ್ಲಿ ಮಡಿದನು. ಸಾಲದ ನೆಪದಿಂದ ಕುಟುಂಬವು ಬಹು ಹಿಂಸೆಗೊಳಗಾಯಿತು. ಅಣ್ಣ ಶಾಬಾಜನು ಮೈಸೂರಿನ ದಂಡಿಗೆ ಸೇರಿದನು. ತಮ್ಮನೂ ಅವನನ್ನು ಹಿಂಬಾಲಿಸಿದನು. 1749ರಲ್ಲಿ ದೇವನಹಳ್ಳಿಯ ಮುತ್ತಿಗೆಯಲ್ಲಿ ಮೆಚ್ಚುಗೆ ಪಡೆದು, 1755ರಲ್ಲಿ ದಿಂಡಿಗಲ್ಲಿನ ಫೌಜುದಾರನಾಗಿ, 1761ರ ವೇಳೆಗೆ ರಾಜ್ಯದ ಸರ್ವಾಧಿಕಾರವನ್ನೂ ಕೈವಶಮಾಡಿಕೊಂಡನು. ಒಡೆಯರು ಸಿಂಹಾಸನದಲ್ಲಿ ಹೆಸರಿಗೆ ಮಾತ್ರ ಉಳಿದರು. ಅನ್ನವಿಕ್ಕಿದ ಮನೆಗೆ ಅವನು ಮಾಡಿದ ಈ ಕೃತ್ಯವನ್ನು ನಾವು ಹೊಗಳಲಾರೆವು. ಓದುಬರಹ ಬಾರದಿದ್ದ ಅವನು ನೆನಪಿನ ಬಲದಿಂದಲೇ ರಾಜ್ಯದ ಲೆಕ್ಕಪತ್ರಗಳನ್ನು ಹಿಡಿತದಲ್ಲಿಟ್ಟುಕೊಂಡಿದ್ದನೆಂಬುದನ್ನು ಮಾತ್ರ ಗುಮಾಸ್ತೆಗಿರಿಯ ಕಷ್ಟ ಬಲ್ಲ ನಮ್ಮ ವಾಚಕರು ಗಮನಿಸಬೇಕು.

1767ರಲ್ಲಿ ಆಂಗ್ಲರೊಡನೆ ಯುದ್ಧವು ಮೊದಲಾಯಿತು. ಮರುವರ್ಷ ಕೋಲಾರ, ಹೊಸೂರು, ಮುಳಬಾಗಿಲು ಕುಂಪಣಿಯ ವಶವಾದವು. ಮದರಾಸಿನ ಕೌನ್ಸಿಲಿನವರು ದಂಡಿನ ಸಂಗಡ ತಮ್ಮ ಪ್ರತಿನಿಧಿಗಳನ್ನೂ ಅರ್ಕಾಟಿನ ನವಾಬ ಮಹಮ್ಮದಾಲಿಯನ್ನೂ ಕೋಲಾರಕ್ಕೆ ಕಳುಹಿಸಿದರು. ಜಯಿಸದ ರಾಜ್ಯವನ್ನು ಹಂಚಿಕೊಳ್ಳುವ ಆತುರ ಅಷ್ಟಿತ್ತು! ಬಾರಾಮಹಲನ್ನೂ ಹತ್ತು ಲಕ್ಷ ರೂಪಾಯಿಗಳನ್ನೂ ಕೊಡುವೆನೆಂದು ಹೈದರನು ಹೇಳಿಕಳುಹಿಸಿದರೂ ಅವರಿಗೆ ತೃಪ್ತಿಯಾಗಲಿಲ್ಲ.

ಆ ಅಕ್ಟೋಬರಿನಲ್ಲಿ ಮುಳಬಾಗಿಲು ಮತ್ತೆ ಹೈದರನ ಕೈಸೇರಿತು. ಅದನ್ನು ಬಿಡಿಸಿಕೊಳ್ಳಲು ಬಂದ ಕರ್ನಲ್ ವುಡ್ಡನು ಬಂಡೆಗಳ ನಡುವೆ ಹೈದರನ ಮಹಾಸೈನ್ಯಕ್ಕೆ ಸಿಕ್ಕಿ ಸೋಲುವ ಸ್ಥಿತಿಗೆ ಬಂದನು. ಆಗ ಕ್ಯಾಪ್ಟನ್ ಬ್ರೂಕನು ಬೆಟ್ಟದ ಓರೆಗೆ ಎರಡು ಫಿರಂಗಿಗಳನ್ನು ಏರಿಸಿ, ತನ್ನ ಕೆಲವೇ ಜನರಿಂದ ಸ್ಮಿತ್ ಸೇನಾನಿಯ ಹೆಸರನ್ನು ಗಟ್ಟಿಯಾಗಿ ಕೂಗಿಸಿದನು. ಸ್ಮಿತ್ತನೇ ಬಂದನೆಂದು ಭ್ರಮಿಸಿ ಮೈಸೂರಿನವರು ಹಿಂಜರಿದರು. ಅಂದು ವುಡ್ಡನನ್ನು ಉಳಿಸಿದ್ದು ಒಂದು ಹೆಸರಿನ ಕೂಗು.

ಆದರೆ ಸೇಡು ತಡವಾಗಲಿಲ್ಲ. 1769ರ ಮಾರ್ಚಿಯಲ್ಲಿ ಹೈದರನು ಆರು ಸಾವಿರ ಕುದುರೆ ಸವಾರರೊಡನೆ ಮೂರೂವರೆ ದಿನಗಳಲ್ಲಿ 130 ಮೈಲಿ ಸಾಗಿ ಮದರಾಸಿನ ಸಮೀಪದಲ್ಲಿ ಕಾಣಿಸಿಕೊಂಡನು. ಕೋಲಾರದಲ್ಲಿ ಕುಳಿತು ಹತ್ತು ಲಕ್ಷವನ್ನು ಅಲ್ಪವೆಂದವರು ಏಪ್ರಿಲಿನಲ್ಲಿ ಅವನು ಹೇಳಿದಂತೆ ಸಂಧಿಗೆ ಒಪ್ಪಿದರು. ಗೆದ್ದ ಸ್ಥಳಗಳನ್ನು ಪರಸ್ಪರ ಹಿಂದಿರುಗಿಸತಕ್ಕದ್ದು. ಒಬ್ಬರ ಮೇಲೆ ಶತ್ರುವು ಬಿದ್ದರೆ ಮತ್ತೊಬ್ಬರು ನೆರವಾಗತಕ್ಕದ್ದು.

ಎರಡನೆಯ ಷರತ್ತಿನ ಬೆಲೆಯು ಬೇಗನೆ ತಿಳಿಯಿತು. ಪೇಶ್ವೆ ಮಾಧವರಾಯನ ಮರಾಠರು ಮೈಸೂರಿನ ಮೇಲೆ ಬಿದ್ದು, 1771ರಲ್ಲಿ ಚಿನಕುರಳಿಯ ಬಳಿ ಹೈದರನನ್ನು ಧ್ವಂಸಮಾಡಿದಾಗ, ಅವನು ಬೇಡಿದ ಸಹಾಯಕ್ಕೆ ಕುಂಪಣಿಯಿಂದ ಒಬ್ಬ ಸಿಪಾಯಿಯೂ ಬರಲಿಲ್ಲ. ಆಂಗ್ಲರ ಸಹಿಯ ಮೇಲಿನ ವಿಶ್ವಾಸವು ಅಲ್ಲಿಗೆ ಮುಗಿಯಿತು. 1779ರಲ್ಲಿ ಅವರು ಮಾಹೆಯನ್ನು ಹಿಡಿದದ್ದು ಆ ಗಾಯದ ಮೇಲೆ ಬರೆಯಾಯಿತು. 1780ರಲ್ಲಿ ಹೈದರನು ಘಟ್ಟವಿಳಿದು, ಸೆಪ್ಟೆಂಬರ್ 10ರಂದು ಪೊಲ್ಲಿಲೂರಿನಲ್ಲಿ ಕರ್ನಲ್ ಬೈಲಿಯ ಸೈನ್ಯವನ್ನು ನಿರ್ಮೂಲಮಾಡಿದನು. ಅದೇ ದಂಡಯಾತ್ರೆಯಲ್ಲಿ ಕರ್ನಾಟಿಕ್ ಸೀಮೆಯ ಹಳ್ಳಿಗಳು ಉರಿದುಹೋದವು. ಸಂಧಿಯನ್ನು ಮುರಿದವರು ಮದರಾಸಿನ ಕೋಟೆಯೊಳಗೆ ಸುರಕ್ಷಿತರಾಗಿದ್ದರು. ಫಲವನ್ನುಂಡವರು ಸಂಧಿಯ ಸುದ್ದಿಯನ್ನೇ ಅರಿಯದ ರೈತರು. ಹೈದರನ ಅಭಿಮಾನಿಗಳು ಈ ಪುಟವನ್ನು ಮಗುಚಿಹಾಕುವುದು ನ್ಯಾಯವಲ್ಲ. 1781ರ ಜುಲೈ 1ರಂದು ಪೋರ್ಟೊ ನೋವೊದಲ್ಲಿ ಸರ್ ಐರ್ ಕೂಟನು ಅವನನ್ನು ಸೋಲಿಸಿದನು, ಯುದ್ಧವು ನಿಲ್ಲಲಿಲ್ಲ.

ಬೆನ್ನಿನ ಹುಣ್ಣಿನಿಂದ ನರಳಿ, 1782ರ ಡಿಸೆಂಬರ್ 7ರಂದು ಹೈದರನು ಚಿತ್ತೂರಿನ ಸಮೀಪದ ಪಾಳೆಯದಲ್ಲಿ ಮರಣ ಹೊಂದಿದನು. ಮಗ ಟಿಪ್ಪುವು ದೂರದ ಮಲಬಾರಿನಲ್ಲಿದ್ದುದರಿಂದ ಸುದ್ದಿಯನ್ನು ಮರೆಮಾಡಿ, ಶವವನ್ನು ಗುಟ್ಟಾಗಿ ಕೋಲಾರಕ್ಕೆ ತಂದು ತಂದೆಯ ಸಮಾಧಿಯ ಬಳಿಯಲ್ಲಿ ಇರಿಸಿದರು. ಅನಂತರ ಅದು ಶ್ರೀರಂಗಪಟ್ಟಣದ ಗುಂಬಜಿಗೆ ಹೋಯಿತು. 1791ರಲ್ಲಿ ಕಾರ್ನ್‌ವಾಲೀಸನ ದಂಡು ಕೋಲಾರವನ್ನು ಹಿಡಿಯಿತು.