ಉಕ್ಕನ್ನು ಮುರಿಯದೆ ಅದರ ಬಲ ತಿಳಿದ ಬ್ರಿನೆಲ್

ಬೆಂಗಳೂರಿನಿಂದ ಹಳೆ ಮದ್ರಾಸ್ ರಸ್ತೆ ಹಿಡಿದು ಹೊರಟರೆ ಸಿಗುವ ಹೊಸಕೋಟೆ ತಾಲ್ಲೂಕಿನಲ್ಲಿ ಸ್ವೀಡನ್ ದೇಶದ ವೋಲ್ವೊ ಕಂಪನಿ 1998ರಲ್ಲಿ ಟ್ರಕ್ ಕಾರ್ಖಾನೆ ತೆರೆಯಿತು. ಕೆಲವೇ ವರ್ಷಗಳಲ್ಲಿ ಅಲ್ಲಿಂದ ಬಸ್ಸುಗಳೂ ಹೊರಬಂದು, ಆ ಹೆಸರು ನಗರದ ಪ್ರಯಾಣಿಕರ ನಾಲಿಗೆಗೆ ರೂಢಿಯಾಯಿತು. ಆದರೆ ಅದಕ್ಕೂ ಬಹಳ ಮೊದಲೇ ಮತ್ತೊಂದು ಸ್ವೀಡಿಷ್ ಹೆಸರು ನಮ್ಮ ಕಾರ್ಖಾನೆಗಳನ್ನು ಹೊಕ್ಕಿತ್ತು. ದೊಡ್ಡಬಳ್ಳಾಪುರದ ಬಾಶೆಟ್ಟಿಹಳ್ಳಿಯಲ್ಲಾಗಲಿ, ನೆಲಮಂಗಲ ತಾಲ್ಲೂಕಿನ ದಾಬಸ್‌ಪೇಟೆಯಲ್ಲಾಗಲಿ ಉಕ್ಕಿನ ಬಿಡಿಭಾಗ ತಯಾರಿಸುವವರಿಗೆ ಬ್ರಿನೆಲ್ ಎಂದರೆ ಒಂದು ಅಳತೆ. ಅದೊಬ್ಬ ಮನುಷ್ಯನ ಹೆಸರು ಎಂಬುದು ದಿನವೂ ಆ ಅಳತೆ ಬಳಸುವವರಿಗೂ ಅಷ್ಟಾಗಿ ನೆನಪಿರುವುದಿಲ್ಲ.

ಯೋಹಾನ್ ಔಗುಸ್ಟ್ ಬ್ರಿನೆಲ್ ಜನಿಸಿದ್ದು 1849ರ ನವೆಂಬರ್ 21ರಂದು, ದಕ್ಷಿಣ ಸ್ವೀಡನ್ನಿನ ಸ್ಮೋಲಾಂಡ್ ಪ್ರಾಂತ್ಯದ ಬ್ರಿಂಗೆಟೋಫ್ಟಾ ಎಂಬ ಹಳ್ಳಿಗಾಡಿನಲ್ಲಿ. ಬೊರೋಸ್ ಪಟ್ಟಣದ ತಾಂತ್ರಿಕ ಶಾಲೆಯಲ್ಲಿ ಓದು ಮುಗಿಸಿ, ಯಂತ್ರಗಳ ನಕ್ಷೆ ಬಿಡಿಸುವ ಕೆಲಸದಿಂದ ವೃತ್ತಿ ಆರಂಭಿಸಿದರು. ವಿಶ್ವವಿದ್ಯಾಲಯದ ವಿಜ್ಞಾನಿಯಾಗಿ ಅಲ್ಲ, ಕುಲುಮೆಯ ಬಿಸಿ ಉಂಡ ಎಂಜಿನಿಯರಾಗಿ ಅವರು ಬೆಳೆದರು ಎಂಬುದನ್ನು ಇಲ್ಲಿ ಗಮನಿಸಬೇಕು; ಅವರ ಶೋಧದ ಸರಳತೆಗೆ ಮೂಲ ಬಹುಶಃ ಅಲ್ಲಿಯೇ ಇದೆ. 1875ರಲ್ಲಿ ಲೆಶೋಫೋರ್ಸ್ ಕಬ್ಬಿಣದ ಕಾರ್ಖಾನೆ ಸೇರಿದ ಅವರು 1882ರಲ್ಲಿ ಫಾಗರ್ಸ್ಟಾ ಉಕ್ಕಿನ ಕಾರ್ಖಾನೆಯ ಮುಖ್ಯ ಎಂಜಿನಿಯರಾದರು. ಎರಡು ದಶಕಗಳ ಕಾಲ ಅದೇ ಅವರ ಕರ್ಮಭೂಮಿಯಾಯಿತು.

ಫಾಗರ್ಸ್ಟಾದಲ್ಲಿ ಅವರನ್ನು ಮೊದಲು ಕಾಡಿದ ವಿಷಯ ಉಕ್ಕಿನ ಹದ. ಒಂದೇ ಎರಕದಿಂದ ಬಂದ ಉಕ್ಕನ್ನು ಕಾಯಿಸಿ ಒಮ್ಮೆ ನೀರಿನಲ್ಲಿ ಅದ್ದಿದರೆ ಒಂದು ಗುಣ, ಮೆಲ್ಲನೆ ಆರಲು ಬಿಟ್ಟರೆ ಇನ್ನೊಂದು ಗುಣ. ಕಾಯಿಸುವ ಮತ್ತು ತಣಿಸುವ ಬಗೆಯನ್ನು ಬದಲಿಸುತ್ತಾ, ತುಂಡುಗಳನ್ನು ಮುರಿದು, ಮುರಿದ ಮುಖದ ಹರಳುಗಳು ಹೇಗೆ ಮಾರ್ಪಡುತ್ತವೆ ಎಂದು ಅವರು ಕ್ರಮಬದ್ಧವಾಗಿ ದಾಖಲಿಸಿದರು. 1885ರಲ್ಲಿ ಪ್ರಕಟವಾದ ಈ ಅಧ್ಯಯನ ಲೋಹಶಾಸ್ತ್ರಜ್ಞರ ವಲಯದಲ್ಲಿ ಅವರಿಗೆ ಹೆಸರು ತಂದಿತು. ಜೊತೆಗೆ ಒಂದು ತೊಡಕನ್ನೂ ಎದುರಿಗೆ ತಂದಿಟ್ಟಿತು. ಹದ ಇಷ್ಟು ಸುಲಭವಾಗಿ ಬದಲಾಗುವುದಾದರೆ, ಕಾರ್ಖಾನೆಯಿಂದ ಹೊರಹೋಗುವ ಪ್ರತಿ ತುಂಡಿನ ಬಲವನ್ನು ನಂಬುವುದು ಹೇಗೆ?

ಉಕ್ಕಿನ ಬಲವೆಂದರೆ ಸಾಮಾನ್ಯವಾಗಿ ಅದರ ಕರ್ಷಣ ಬಲ, ಅಂದರೆ ಎಳೆತಕ್ಕೆ ತುಂಡಾಗದೆ ತಡೆದುಕೊಳ್ಳುವ ಶಕ್ತಿ. ಇದನ್ನು ತಿಳಿಯಲು ಮಾದರಿಯೊಂದನ್ನು ಕತ್ತರಿಸಿ, ಲೇತ್‌ನಲ್ಲಿ ಕಡೆದು, ಎರಡು ತುದಿ ಹಿಡಿದು ಕಡಿಯುವವರೆಗೆ ಯಂತ್ರದಿಂದ ಎಳೆಯಬೇಕು. ವೆಚ್ಚದ ಮಾತು ಹಾಗಿರಲಿ, ಪರೀಕ್ಷೆಗೆ ಒಳಗಾದ ತುಂಡು ನಾಶವಾಗುತ್ತದೆ. ಗಾಡಿಗೆ ಸೇರುವ ಅಚ್ಚು ಪರೀಕ್ಷೆಯನ್ನೇ ಕಂಡಿರುವುದಿಲ್ಲ. ಪರೀಕ್ಷಿಸಿದ್ದು ಒಂದು, ಜನರ ಜೀವ ನೆಚ್ಚಿಕೊಂಡದ್ದು ಮತ್ತೊಂದು.

ಬ್ರಿನೆಲ್ ಕಂಡುಕೊಂಡ ಮಾರ್ಗ ಎಷ್ಟು ಸರಳವೆಂದರೆ, ಇದು ಮೊದಲೇ ಯಾರಿಗೂ ಏಕೆ ಹೊಳೆಯಲಿಲ್ಲ ಎನ್ನಿಸುತ್ತದೆ. 10 ಮಿಲಿಮೀಟರ್ ವ್ಯಾಸದ ಗಡುಸಾದ ಉಕ್ಕಿನ ಗುಂಡನ್ನು ಲೋಹದ ಮೇಲಿಟ್ಟು 3000 ಕಿಲೋಗ್ರಾಂ ಭಾರದಿಂದ ಒತ್ತುವುದು. ಗುಂಡನ್ನು ತೆಗೆದು, ಉಳಿದ ಕುಳಿಯ ವ್ಯಾಸವನ್ನು ಅಳೆಯುವುದು. ಭಾರವನ್ನು ಕುಳಿಯ ಮೇಲ್ಮೈ ವಿಸ್ತೀರ್ಣದಿಂದ ಭಾಗಿಸುವುದು. ಬಂದ ಸಂಖ್ಯೆಯೇ ಗಡಸುತನ. ಕುಳಿಯ ವ್ಯಾಸ 5 ಮಿಲಿಮೀಟರ್ ಇದ್ದರೆ ಅದು 143. 4 ಮಿಲಿಮೀಟರ್ ಇದ್ದರೆ 229. ಸೈಕಲ್ಲಿನ ಬೇರಿಂಗ್‌ಗಳಿಗಾಗಿ ನಿಖರ ಗಾತ್ರದ ಗಟ್ಟಿ ಗುಂಡುಗಳು ಆ ವೇಳೆಗೆ ಯಥೇಚ್ಛವಾಗಿ ತಯಾರಾಗುತ್ತಿದ್ದುದು ಈ ಪರೀಕ್ಷೆಗೆ ಅನುಕೂಲವೇ ಆಯಿತು.

1900ರ ಪ್ಯಾರಿಸ್ ವಸ್ತುಪ್ರದರ್ಶನದಲ್ಲಿ ಈ ವಿಧಾನವನ್ನು ಜಗತ್ತಿನ ಮುಂದಿಟ್ಟರು. ಮರುವರ್ಷ ಆಕ್ಸೆಲ್ ವಾಲ್‌ಬೆರ್ಗ್ ಎಂಬುವರು ಅದನ್ನು ಇಂಗ್ಲಿಷ್‌ನಲ್ಲಿ ವಿವರಿಸಿ ಬ್ರಿಟನ್ನಿನ ಕಬ್ಬಿಣ ಮತ್ತು ಉಕ್ಕು ಸಂಸ್ಥೆಯ ಪತ್ರಿಕೆಯಲ್ಲಿ ಪ್ರಕಟಿಸಿದರು. ಅಲ್ಲಿಂದ ಮುಂದೆ ಪ್ರಚಾರಕ್ಕೆ ಬ್ರಿನೆಲ್ ಕಷ್ಟಪಡಬೇಕಾಗಲಿಲ್ಲ.

ಆದರೆ ಕುಳಿಗೂ ಎಳೆತಕ್ಕೂ ಏನು ಸಂಬಂಧ? ಉಕ್ಕಿನ ತುಂಡುಗಳನ್ನು ಒತ್ತಿಯೂ ಎಳೆದೂ ನೋಡಿದಾಗ ಎರಡು ಸಂಖ್ಯೆಗಳು ಜೊತೆಜೊತೆಯಾಗಿ ಏರುವುದು ಕಂಡುಬಂತು. ಬ್ರಿನೆಲ್ ಸಂಖ್ಯೆಯನ್ನು ಸುಮಾರು 0.35ರಿಂದ ಗುಣಿಸಿದರೆ ಕರ್ಷಣ ಬಲ ಪ್ರತಿ ಚದರ ಮಿಲಿಮೀಟರಿಗೆ ಇಷ್ಟು ಕಿಲೋಗ್ರಾಂ ಎಂದು ದೊರೆಯುತ್ತದೆ. ಇಂದಿನ ಮಾನದಲ್ಲಿ, ಸುಮಾರು 3.45ರಿಂದ ಗುಣಿಸಿದರೆ ಮೆಗಾಪಾಸ್ಕಲ್. 229 ಗಡಸುತನದ ಉಕ್ಕಿಗೆ ಇದು ಸುಮಾರು 80 ಕಿಲೋ. ಬೆಂಕಿಕಡ್ಡಿಗಿಂತಲೂ ತೆಳುವಾದ, ಒಂದು ಚದರ ಮಿಲಿಮೀಟರಿನ ತಂತಿಯಲ್ಲಿ ಒಬ್ಬ ವಯಸ್ಕನನ್ನು ತೂಗುಹಾಕಿದಂತೆ. ಕಾರಣವೂ ಊಹಿಸಲಾಗದ್ದೇನಲ್ಲ. ಗುಂಡಿನಡಿಯ ಲೋಹ ಸರಿದುಹೋಗಲು ಹವಣಿಸಿದರೂ ಸುತ್ತಲಿನ ಲೋಹ ಅದನ್ನು ಬಿಡುವುದಿಲ್ಲ. ಹೀಗಾಗಿ ಅದು ಮಣಿಯಲು, ಮುಕ್ತವಾಗಿ ಎಳೆದಾಗ ಬೇಕಾಗುವುದಕ್ಕಿಂತ ಸುಮಾರು ಮೂರು ಪಟ್ಟು ಒತ್ತಡ ಬೇಕು. ಈ ಮೂರು ಪಟ್ಟಿನ ಲೆಕ್ಕವನ್ನು ಡೇವಿಡ್ ಟೇಬರ್ 1951ರ ತಮ್ಮ ಗ್ರಂಥದಲ್ಲಿ ವಿಶದಪಡಿಸುವ ಹೊತ್ತಿಗೆ ಕಾರ್ಖಾನೆಗಳು ಅರ್ಧ ಶತಮಾನದಿಂದ ಆ ನಂಟನ್ನು ನಂಬಿ ನಡೆದಿದ್ದವು.

ಈ ಗುಣಕವನ್ನು ಮಂತ್ರದಂತೆ ಎಲ್ಲೆಡೆ ಜಪಿಸುವವರೂ ಇದ್ದಾರೆ. ಅದು ತಪ್ಪು. ಸಾಮಾನ್ಯ ಉಕ್ಕಿನಲ್ಲಿಯೇ ಅಂದಾಜು ಶೇ. 10ರಷ್ಟು ಹೆಚ್ಚುಕಡಿಮೆ ಆಗುವುದುಂಟು. ಎರಕದ ಕಬ್ಬಿಣದಲ್ಲಂತೂ ಲೆಕ್ಕವೇ ಕೆಡುತ್ತದೆ: ಅದರೊಳಗಿನ ಗ್ರಾಫೈಟ್ ಪದರಗಳು ಒತ್ತಿದಾಗ ಸುಮ್ಮನಿದ್ದು ಎಳೆದಾಗ ಬಿರುಕಿನಂತೆ ಬಾಯಿಬಿಡುತ್ತವೆ. ಮೇಲ್ಪದರವನ್ನಷ್ಟೇ ಗಡುಸುಗೊಳಿಸಿದ ಗೇರ್ ಹಲ್ಲಿನ ಅಳತೆ ಒಳಗಿನ ಮೆತ್ತನೆಯ ತಿರುಳಿನ ಬಗ್ಗೆ ಏನನ್ನೂ ಹೇಳದು. ಹಿತ್ತಾಳೆ, ತಾಮ್ರಗಳ ಗುಣಕ ಬೇರೆ. ಒಳಗೆ ಅಡಗಿದ ಬಿರುಕನ್ನಂತೂ ಯಾವ ಗುಂಡೂ ಕಾಣಲಾರದು. ಅಂದಾಜು ಎಳೆತದ ಪರೀಕ್ಷೆಗೆ ನೆರವೇ ಹೊರತು ಬದಲಿ ಅಲ್ಲ.

ಫಾಗರ್ಸ್ಟಾ ಬಿಟ್ಟು 1903ರಲ್ಲಿ ಬ್ರಿನೆಲ್ ಸ್ಟಾಕ್‌ಹೋಮ್‌ಗೆ ಬಂದು, ಕಬ್ಬಿಣದ ಉದ್ಯಮಿಗಳ ಹಳೆಯ ಸಂಸ್ಥೆಯಾದ ಯೆರ್ನ್‌ಕೊಂಟೋರೆಟ್‌ನ ಮುಖ್ಯ ಎಂಜಿನಿಯರಾದರು, 1914ರವರೆಗೆ ಅಲ್ಲಿದ್ದರು. 1907ರಲ್ಲಿ ಬ್ರಿಟನ್ನಿನ ಸಂಸ್ಥೆ ಅವರಿಗೆ ಬೆಸೆಮರ್ ಚಿನ್ನದ ಪದಕ ನೀಡಿತು. ಮರಳನ್ನು ಸುರಿದು ಉಜ್ಜಿ ಲೋಹದ ಸವೆತ ಅಳೆಯುವ ಪ್ರಯೋಗಗಳಲ್ಲಿಯೂ ಅವರು ತೊಡಗಿದ್ದರು.

ಅವರ ಬದುಕಿನ ಕೊನೆಯ ವರ್ಷಗಳಲ್ಲೇ, 1923ರಲ್ಲಿ, ನಮ್ಮ ಭದ್ರಾವತಿಯಲ್ಲಿ ಮೈಸೂರು ಕಬ್ಬಿಣದ ಕಾರ್ಖಾನೆಯ ಊದುಕುಲುಮೆ ಹೊತ್ತಿಕೊಂಡಿತು. ಸ್ವೀಡನ್ನಿನ ಹೆಸರಾಂತ ಕಬ್ಬಿಣದಂತೆಯೇ ಭದ್ರಾವತಿಯದೂ ಕಾಡಿನ ಸೌದೆಯ ಇದ್ದಿಲಿನಿಂದ ಕರಗಿಸಿದ ಕಬ್ಬಿಣ.

1925ರ ನವೆಂಬರ್ 17ರಂದು, 76 ತುಂಬಲು ನಾಲ್ಕು ದಿನಗಳಿರುವಾಗ, ಬ್ರಿನೆಲ್ ಸ್ಟಾಕ್‌ಹೋಮ್‌ನಲ್ಲಿ ನಿಧನರಾದರು. ಅಷ್ಟರಲ್ಲಿ ಅಮೆರಿಕದ ರಾಕ್‌ವೆಲ್, ಇಂಗ್ಲೆಂಡಿನ ವಿಕರ್ಸ್ ಪರೀಕ್ಷೆಗಳು ಬಂದಿದ್ದವು. ವಿಕರ್ಸ್‌ನ ವಜ್ರದ ಮೊನೆಗೆ 136 ಡಿಗ್ರಿ ಕೋನ ಆರಿಸಿದ್ದೇ ಅದರ ಸಂಖ್ಯೆ ಬ್ರಿನೆಲ್ ಸಂಖ್ಯೆಗೆ ಹೊಂದಿಕೊಳ್ಳಲಿ ಎಂದು. ಭಾರತೀಯ ಮಾನಕ ಬ್ಯೂರೋ ಬ್ರಿನೆಲ್ ಪರೀಕ್ಷೆಗೆ ಐಎಸ್ 1500 ಎಂಬ ಮಾನಕವನ್ನು ಗೊತ್ತುಪಡಿಸಿದೆ. ಬದಲಾದದ್ದು ಗುಂಡು ಮಾತ್ರ: ಬಲು ಗಡುಸಾದ ಉಕ್ಕನ್ನು ಒತ್ತುವಾಗ ಉಕ್ಕಿನ ಗುಂಡು ತಾನೇ ಚಪ್ಪಟೆಯಾಗುತ್ತಿತ್ತಾದ್ದರಿಂದ ಅಂತಾರಾಷ್ಟ್ರೀಯ ಮಾನಕ ಅದನ್ನು ಕೈಬಿಟ್ಟು ಟಂಗ್‌ಸ್ಟನ್ ಕಾರ್ಬೈಡ್ ಗುಂಡನ್ನು ಕಡ್ಡಾಯ ಮಾಡಿದೆ. ಇಂದಿನ ಪರೀಕ್ಷಾ ವರದಿಗಳಲ್ಲಿ ಸಂಖ್ಯೆಯ ಮುಂದೆ ಕಾಣುವ ಎಚ್‌ಬಿಡಬ್ಲ್ಯು ಎಂಬ ಸಂಕೇತದಲ್ಲಿ ಬಿ ಅಕ್ಷರ ಬ್ರಿನೆಲ್ ಅವರದು, ಡಬ್ಲ್ಯು ಆ ಹೊಸ ಗುಂಡಿನದು.